ಎನ್‌ಎಸ್‌ಎಸ್‌ನವರು ಹೋದ ಮೇಲೆ ಏನು ಉಳಿಯಿತು ನೋಡಿ

ಸರ್, ಎನ್‌ಎಸ್‌ಎಸ್ (ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ) ಸ್ವಯಂಸೇವಕರಿಂದ ಮಂಡ್ಯದ ನಿಮ್ಮ ಸಂಸ್ಥೆಯ ಸಾಮರ್ಥ್ಯ ನಿಜಕ್ಕೂ ಹೆಚ್ಚಿದೆಯಾ, ಅಳೆಯೋದು ಹೇಗೆ ಅಂತ ಕೇಳಿದ್ದೀರಿ. ಎಷ್ಟು ಜನ ಬಂದರು, ಎಷ್ಟು ಗಂಟೆ ದುಡಿದರು ಅನ್ನೋ ಲೆಕ್ಕ ಕಾಲೇಜಿಗೆ ಬೇಕು. ನಿಮಗೆ ಅದರಿಂದ ಏನೂ ತಿಳಿಯಲ್ಲ.

ಫಲಾನುಭವಿಗಳ ರಿಜಿಸ್ಟರನ್ನು ಒಬ್ಬ ವಿದ್ಯಾರ್ಥಿನಿ ಎಕ್ಸೆಲ್‌ಗೆ ಹಾಕಿಕೊಟ್ಟಳು ಅನ್ನಿ. ಆರು ತಿಂಗಳಾದ ಮೇಲೆ ನಿಮ್ಮ ಆಫೀಸಿನವರೇ ಹೊಸ ಹೆಸರು ಸೇರಿಸಿ, ಮದ್ದೂರು ತಾಲ್ಲೂಕಿನವರನ್ನಷ್ಟೇ ಬೇರೆ ಮಾಡಿ ಪ್ರಿಂಟ್ ತೆಗೆಯಬಲ್ಲರಾ? ತೆಗೆದರೆ ಸಾಮರ್ಥ್ಯ ಬೆಳೆದಿದೆ. ಫೈಲಿನ ಪಾಸ್‌ವರ್ಡ್ ಆ ಹುಡುಗಿಯ ಫೋನಿನಲ್ಲೇ ಉಳಿದಿದ್ದರೆ ಬೆಳೆದಿಲ್ಲ. ಬಾಯಿಮಾತಿನಲ್ಲಿ ಕೇಳಬೇಡಿ, ಎದುರಿಗೆ ಕೂತು ಮಾಡಿಸಿ ನೋಡಿ. ಇದೇ ಕೆಲಸಕ್ಕೆ ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಸ್ವಯಂಸೇವಕರು ಬರೋ ಮುಂಚೆಯೇ ಬರೆದಿಡಿ, ಇಲ್ಲದಿದ್ದರೆ ಹೋಲಿಸೋಕೆ ಏನೂ ಇರಲ್ಲ.

1965ರಲ್ಲಿ ಶುರುವಾದ ಅಮೆರಿಕದ ವಿಸ್ಟಾ ಅನ್ನೋ ಸ್ವಯಂಸೇವಕರ ಯೋಜನೆಯ ಅಳತೆಗೋಲು ನಮಗೆ ಹೊಂದಲ್ಲ. ಅಲ್ಲಿ ಸಾಮಾನ್ಯವಾಗಿ ಒಬ್ಬರು ವರ್ಷಪೂರ್ತಿ ಸಂಸ್ಥೆಯಲ್ಲೇ ಇರ್ತಾರೆ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಜೊತೆಗೆ 7 ದಿನದ ಶಿಬಿರ. ಅಷ್ಟರಲ್ಲಿ ಒಂದು ಕೆಲಸ ನಿಮ್ಮವರ ಕೈಗೆ ಹತ್ತಿದರೂ ದೊಡ್ಡದೇ. ಶಿಬಿರದ ಶ್ರಮದಾನ ಒಳ್ಳೆಯದು, ಆದರೆ ಈ ಲೆಕ್ಕಕ್ಕೆ ಸೇರಿಸಬೇಡಿ.

ಈ ಸಲ ಕಾಲೇಜಿನ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯವರಿಗೆ ಪತ್ರ ಕೊಡುವಾಗ, ಆ ಕೆಲಸ ಕಲಿಯಬೇಕಾದ ನಿಮ್ಮ ಸಿಬ್ಬಂದಿಯ ಹೆಸರನ್ನೂ ಬರೆಯಿರಿ.