ಎಲ್ಲವನ್ನೂ ಎರ್ಡೊಗನ್ ತಲೆಗೆ ಕಟ್ಟಬೇಡಿ

ಮದ್ದೂರಿನ ಗೆಳೆಯರಿಗೆ ನಮಸ್ಕಾರ.

ಟರ್ಕಿ–ಅಮೆರಿಕ ಮನಸ್ತಾಪದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಎಡವಟ್ಟಾಗಿರುವುದು ವಾದದಲ್ಲಿ. ‘ಟರ್ಕಿಯ ಅಧ್ಯಕ್ಷ ಎರ್ಡೊಗನ್ ಬರುವ ತನಕ ಎಲ್ಲ ಸರಿಯಿತ್ತು’ ಎಂದು ಮೊದಲ ಸಾಲಲ್ಲೇ ಬರೆದಿದ್ದೀರಿ. ಎಲ್ಲಿ ಸರಿಯಿತ್ತು?

ಅಮೆರಿಕ ಮುಂದಾಳಾಗಿರುವ ಸೇನಾ ಕೂಟ ನ್ಯಾಟೊವನ್ನು ಟರ್ಕಿ ಸೇರಿದ್ದು 1952ರಲ್ಲಿ. 1964ರಲ್ಲೇ ಅಮೆರಿಕದ ಅಧ್ಯಕ್ಷ ಜಾನ್ಸನ್, ಟರ್ಕಿಯ ದಕ್ಷಿಣಕ್ಕಿರುವ ಸೈಪ್ರಸ್ ದ್ವೀಪದ ವಿಚಾರವಾಗಿ ಟರ್ಕಿಗೆ ಖಾರವಾದ ಪತ್ರ ಬರೆದರು. ನೀವು ಸೈಪ್ರಸ್‌ಗೆ ನುಗ್ಗಿ, ಸೋವಿಯತ್ ಒಕ್ಕೂಟ ನಿಮ್ಮ ಮೇಲೆ ಬಂದರೆ ನ್ಯಾಟೊವನ್ನು ನಂಬಿಕೊಳ್ಳಬೇಡಿ ಎಂಬ ಧಾಟಿ ಅದರದು. 1974ರಲ್ಲಿ ಟರ್ಕಿ ನುಗ್ಗಿಯೇಬಿಟ್ಟಿತು. ಮರುವರ್ಷ ಅಮೆರಿಕ ಶಸ್ತ್ರ ಕೊಡುವುದನ್ನು ನಿಲ್ಲಿಸಿತು, ಅದು ತೆರವಾಗಿದ್ದು 1978ರಲ್ಲಿ. ಜಗಳ ಶುರುವಾದಾಗ ಎರ್ಡೊಗನ್ ಇನ್ನೂ ಹುಡುಗ!

ನೀವು ಪೂರ್ತಿ ಬಿಟ್ಟಿರುವುದು 2003ರ ಮಾರ್ಚ್ 1. ನಾನಾಗಿದ್ದರೆ ಲೇಖನವನ್ನು ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಇರಾಕ್ ಮೇಲೆ ಉತ್ತರದಿಂದಲೂ ನುಗ್ಗಲು ಅಮೆರಿಕದ ಪಡೆಗಳಿಗೆ ಟರ್ಕಿಯ ನೆಲ ಬೇಕಿತ್ತು. ಟರ್ಕಿಯ ರಾಜಧಾನಿ ಅಂಕಾರಾದ ಸಂಸತ್ತಿನಲ್ಲಿ ಪರವಾಗಿ 264 ಮತ, ವಿರುದ್ಧ 250, ತಟಸ್ಥರು 19. ಪರ ಮತವೇ ಜಾಸ್ತಿ, ಆದರೂ ನಿರ್ಣಯ ಬಿತ್ತು. ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 267 ಬೇಕಿತ್ತು. ಮೂರೇ ಮತ ಸಾಲಲಿಲ್ಲ. ಸ್ವಾರಸ್ಯ ಏನು ಗೊತ್ತಾ? ಎರ್ಡೊಗನ್ ಆಗ ಆಳುವ ಪಕ್ಷದ ನಾಯಕ, ಇನ್ನೂ ಪ್ರಧಾನಿ ಆಗಿರಲಿಲ್ಲ, ಮತ್ತು ಈ ನಿರ್ಣಯದ ಪರ ಇದ್ದರು. ಬೇಡ ಅಂದಿದ್ದು ಅವರದೇ ಪಕ್ಷದ ಹಲವು ಸಂಸದರು. ನಿಮ್ಮ ವಾದ ಇದರ ಮುಂದೆ ನಿಲ್ಲುತ್ತಾ, ನೀವೇ ಹೇಳಿ.

ರಷ್ಯಾದಿಂದ ಎಸ್‌–400 ಕ್ಷಿಪಣಿ ಕೊಂಡಿದ್ದು, ಅದಕ್ಕೆ 2019ರಲ್ಲಿ ಅಮೆರಿಕದ ಎಫ್‌–35 ವಿಮಾನ ಯೋಜನೆಯಿಂದ ಹೊರಬಿದ್ದಿದ್ದು ಸರಿಯಾಗಿಯೇ ಇದೆ, ಸ್ವಲ್ಪ ಉದ್ದವಾಯಿತು ಅಷ್ಟೆ. ಸಿರಿಯಾದ ಕುರ್ದ್ ಪಡೆಗೆ ಮಾತ್ರ ಒಂದೇ ಸಾಲು ಕೊಟ್ಟಿದ್ದೀರಿ. ಐಎಸ್ ಉಗ್ರರ ವಿರುದ್ಧ ಅಮೆರಿಕ ಆಯುಧ ಕೊಟ್ಟ ಆ ಪಡೆ ವೈಪಿಜಿಯನ್ನು ಟರ್ಕಿ, ತನ್ನ ನೆಲದಲ್ಲಿ ಬಂಡಾಯ ನಡೆಸಿದ ಕುರ್ದ್ ಸಂಘಟನೆ ಪಿಕೆಕೆಯ ಕೊಂಬೆ ಎನ್ನುತ್ತದೆ. ಆ ಪಿಕೆಕೆಯನ್ನು ಅಮೆರಿಕವೇ ಉಗ್ರರ ಪಟ್ಟಿಯಲ್ಲಿ ಇಟ್ಟಿತ್ತು. ಅಂಕಾರಾದ ಸಿಟ್ಟು ಅರ್ಥವಾಗಬೇಕಾದರೆ ಇದನ್ನು ಬಿಡಿಸಿ ಬರೆಯಿರಿ.

ಕಾವೇರಿ ಜಗಳದ ಹೋಲಿಕೆ ತೆಗೆದುಬಿಡಿ. ಮಂಡ್ಯ ಜಿಲ್ಲೆಯವರಿಗೆ ಅದು ತಾನಾಗಿ ಬರುತ್ತೆ, ಗೊತ್ತು. ಆದರೆ ಟರ್ಕಿ–ಅಮೆರಿಕ ಜಗಳಕ್ಕೆ ನ್ಯಾಯಮಂಡಳಿಯೂ ಇಲ್ಲ, ಸುಪ್ರೀಂ ಕೋರ್ಟೂ ಇಲ್ಲ. ‘ಟರ್ಕಿಯನ್ನು ನ್ಯಾಟೊದಿಂದ ಹೊರದಬ್ಬಲಿ’ ಎಂಬ ಕೊನೆಯ ಸಾಲೂ ಬೇಡ. ಸದಸ್ಯ ದೇಶ ತಾನಾಗಿ ಹೊರಹೋಗಲು ಒಪ್ಪಂದದಲ್ಲಿ ದಾರಿಯಿದೆ, ದಬ್ಬಲು ಇಲ್ಲ.

ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ. ಮೈಸೂರಿಗೆ ಬಂದರೆ ಕಚೇರಿಗೂ ಬನ್ನಿ.

ಸಂಪಾದಕ