ಮೆಮ್ಸ್ ತೊಲೆಯ ಅಗಲ ಎಷ್ಟಿರಬೇಕು?

ಪ್ರಶ್ನೆ: ನಾನು ಎಂ.ಟೆಕ್. ವಿದ್ಯಾರ್ಥಿನಿ. ಪಾಲಿಸಿಲಿಕಾನ್‌ನಲ್ಲಿ (ಸಣ್ಣ ಸಣ್ಣ ಹರಳುಗಳಿಂದಾದ ಸಿಲಿಕಾನ್), ಅಡ್ಡಡ್ಡಲಾಗಿ ಅಲುಗುವ ಮೆಮ್ಸ್ (ಚಿಪ್‌ನ ಮೇಲಿನ ಅತಿಸೂಕ್ಷ್ಮ ಯಂತ್ರ) ಅಕ್ಸೆಲೆರೋಮೀಟರ್, ಅಂದರೆ ವೇಗೋತ್ಕರ್ಷ ಅಳೆಯುವ ಸಾಧನ, ವಿನ್ಯಾಸ ಮಾಡಿದ್ದೆ. ಸ್ಪ್ರಿಂಗ್‌ನಂತೆ ಬಾಗುವ ತೊಲೆಗಳ ಅಗಲ 2 ಮೈಕ್ರೋಮೀಟರ್. ಸಿಮ್ಯುಲೇಷನ್‌ನಲ್ಲಿ ಎಲ್ಲವೂ ಸರಿಯಿತ್ತು. ತಯಾರಾಗಿ ಬಂದ ಚಿಪ್‌ಗಳಲ್ಲಿ ಮಾತ್ರ ಅನುರಣನ ಆವೃತ್ತಿ (ತಾನಾಗಿ ಕಂಪಿಸುವ ಆವೃತ್ತಿ) ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಕೆಲವು ತಳಕ್ಕೇ ಅಂಟಿಕೊಂಡಿವೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿರಲಾರದು, ತೊಲೆಯ ಅಗಲ ನಕ್ಷೆಯಲ್ಲಿ ಬರೆದಷ್ಟೇ ಬರುತ್ತದೆ ಎಂಬ ನಂಬಿಕೆಯಲ್ಲಿ ತಪ್ಪಿದೆ. ಅಡ್ಡ ದಿಕ್ಕಿನಲ್ಲಿ ಬಾಗುವ ತೊಲೆಯ ಬಿಗಿತವು ಅದರ ಅಗಲದ ಘನಕ್ಕೆ ಅನುಪಾತದಲ್ಲಿರುವುದರಿಂದ, ಎಚಿಂಗ್‌ನಲ್ಲಿ (ಬೇಡದ ಭಾಗವನ್ನು ಕೊರೆದು ತೆಗೆಯುವ ಹಂತದಲ್ಲಿ) 2 ಮೈಕ್ರೋಮೀಟರ್ 1.8ಕ್ಕೆ ಇಳಿದರೆ ಬಿಗಿತ ಸುಮಾರು ಶೇ 27ರಷ್ಟು, ಆವೃತ್ತಿ ಶೇ 15ರಷ್ಟು ಕುಸಿಯುತ್ತದೆ. ಮಾಸ್ಕ್‌ನಲ್ಲೇ (ಚಿಪ್‌ನ ಮೇಲೆ ಆಕಾರ ಮೂಡಿಸುವ ಅಚ್ಚಿನಲ್ಲೇ) ಗೆರೆಯನ್ನು 0.2 ಮೈಕ್ರೋಮೀಟರ್ ಹೆಚ್ಚು ಅಗಲವಾಗಿ ಬರೆದರಾಯಿತಲ್ಲ ಎನ್ನಬಹುದು. ಆದರೆ ಈ ಸವೆತ ವೇಫರ್‌ನ (ಹಲವು ಚಿಪ್‌ಗಳನ್ನು ಒಟ್ಟಿಗೆ ತಯಾರಿಸುವ ಸಿಲಿಕಾನ್ ಬಿಲ್ಲೆಯ) ನಡುವೆ ಒಂದಷ್ಟು, ಅಂಚಿನಲ್ಲಿ ಒಂದಷ್ಟು ಇರುವುದರಿಂದ ಆ ಉಪಾಯ ಸರಾಸರಿಯನ್ನು ಸರಿಪಡಿಸೀತೇ ಹೊರತು ಚಿಪ್‌ನಿಂದ ಚಿಪ್‌ಗಿರುವ ವ್ಯತ್ಯಾಸವನ್ನಲ್ಲ.

ಅಗಲವನ್ನು 4 ಮೈಕ್ರೋಮೀಟರ್‌ಗೆ ಏರಿಸಿ, ಬಿಗಿತ ಮೊದಲಿನಷ್ಟೇ ಉಳಿಯುವಂತೆ ಉದ್ದವನ್ನೂ ಇಮ್ಮಡಿಗೊಳಿಸಿ. ಆಗ ಅದೇ 0.2ರ ಸವೆತಕ್ಕೆ ಆವೃತ್ತಿ ಶೇ 7ರಷ್ಟು ಮಾತ್ರ ಇಳಿಯುತ್ತದೆ. ಚಿಪ್‌ನ ಜಾಗ ಹೆಚ್ಚು ಬೇಕಾಗುವುದು ಸಣ್ಣ ಬೆಲೆ. ದೊಡ್ಡ ಬೆಲೆ ಬೇರೆಯಿದೆ. ಹೀಗೆ ಮಾಡಿದಾಗ ಲಂಬ ದಿಕ್ಕಿನ ಬಿಗಿತ ಕಾಲುಭಾಗಕ್ಕೆ ಇಳಿಯುವುದರಿಂದ, ನಿಮ್ಮ ಎರಡನೆಯ ತೊಂದರೆಯಾದ ಅಂಟುವಿಕೆ ಇನ್ನಷ್ಟು ಹೆಚ್ಚುತ್ತದೆ.

ತೊಲೆಯ ಕೆಳಗಿನ ಆಕ್ಸೈಡ್ ಪದರವನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿ, ತೊಳೆದು ಒಣಗಿಸುವಾಗ ಸಂದಿಯಲ್ಲಿ ಉಳಿದ ನೀರಿನ ಮೇಲ್ಮೈ ಸೆಳೆತವು ತೊಲೆಯನ್ನು ತಳಕ್ಕೆ ಎಳೆಯುತ್ತದೆ; ಒಮ್ಮೆ ತಾಗಿದರೆ ಬಿಡಿಸುವುದು ಕಷ್ಟ. ಆಮ್ಲದ ಆವಿಯಿಂದಲೇ ಕರಗಿಸುವುದು, ಅಥವಾ ದ್ರವ ಇಂಗಾಲದ ಡೈಆಕ್ಸೈಡ್‌ನ ಕ್ರಾಂತಿಬಿಂದುವನ್ನು (ದ್ರವ-ಅನಿಲಗಳ ಭೇದ ಅಳಿಯುವ ಉಷ್ಣತೆ-ಒತ್ತಡಗಳ ಮಟ್ಟ) ದಾಟಿಸಿ ಒಣಗಿಸುವುದು ಪ್ರಯೋಗಾಲಯದವರ ಕೈಯಲ್ಲಿರುವ ಪರಿಹಾರಗಳು. ನಿಮ್ಮ ಕೈಯಲ್ಲಿರುವುದು, ತೊಲೆಗಳಿಗೆ ತಗುಲಿ ಚಲಿಸುವ ಫಲಕದ ಅಡಿಯಲ್ಲಿ ಡಿಂಪಲ್ ಎಂಬ ಪುಟ್ಟ ಉಬ್ಬುಗಳನ್ನು ಇಡುವುದು. ತಾಗಿದರೂ ತಾಗುವ ವಿಸ್ತೀರ್ಣ ಅಲ್ಪವಾಗಿರುತ್ತದೆ. ಪಾಲಿಮಂಪ್ಸ್‌ನಂಥ ಸಿದ್ಧ ಮೆಮ್ಸ್ ತಯಾರಿಕಾ ಪ್ರಕ್ರಿಯೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಮಾಸ್ಕ್ ಇದೆ. ಆಮ್ಲ ಒಳಹೋಗಲು ಫಲಕದಲ್ಲಿ ರಂಧ್ರಗಳೂ ಬೇಕು. ಇವೆಲ್ಲ ಫೌಂಡ್ರಿಯ (ಚಿಪ್ ತಯಾರಿಸಿಕೊಡುವ ಕಾರ್ಖಾನೆಯ) ನಿಯಮಪುಸ್ತಕದಲ್ಲಿರುತ್ತವೆ. ಅದನ್ನು ಸಿಮ್ಯುಲೇಷನ್ ಮುಗಿದ ಮೇಲೆ ತೆರೆಯುವುದು ನಮ್ಮ ಕಾಲೇಜುಗಳ ಹಳೆಯ ಚಾಳಿ.

ಮುಂದಿನ ಮಾಸ್ಕ್‌ನ ಒಂದು ಮೂಲೆಯಲ್ಲಿ 2, 3 ಮತ್ತು 4 ಮೈಕ್ರೋಮೀಟರ್ ಅಗಲದ ಪರೀಕ್ಷಾ ತೊಲೆಗಳನ್ನು ಸೇರಿಸಿ. ಅವುಗಳ ಆವೃತ್ತಿಯನ್ನು ಅಳೆದರೆ ನಿಮ್ಮ ವೇಫರ್‌ನಲ್ಲಿ ಎಲ್ಲಿ ಎಷ್ಟು ಸವೆದಿದೆ ಎಂಬುದು ನೇರವಾಗಿ ತಿಳಿಯುತ್ತದೆ.