ಪಿಸ್ಟನ್ ಸ್ಕರ್ಟಿಗೆ ಎಮರಿ ಮುಟ್ಟಿಸಬೇಡಿ

ಟೂ-ಸ್ಟ್ರೋಕ್ ಬೈಕಾದ ಯೆಜ್ಡಿ ರೋಡ್‌ಕಿಂಗ್‌ನ ಪಿಸ್ಟನ್ನಿನ ಕಾರ್ಬನ್ ತೆಗೆಯಲು 400ರ ಎಮರಿ ಕಾಗದದಿಂದ ಉಜ್ಜಿ, ಬ್ರಾಸೊ ಹಚ್ಚಿ, ಕ್ರೌನಿನಿಂದ (ತಲೆಭಾಗ) ಸ್ಕರ್ಟಿನ (ಕೆಳಗಿನ ಬದಿಗೋಡೆ) ಅಂಚಿನವರೆಗೂ ಕನ್ನಡಿಯಂತೆ ನೀವು ಹೊಳೆಯಿಸಿ ಹಾಕಿರುವ ಚಿತ್ರವನ್ನು ನೋಡಿ ಗಾಬರಿಯಾಯಿತು. ದಯವಿಟ್ಟು ಅದನ್ನು ಹಾಗೆಯೇ ಬೋರಿಗೆ, ಅಂದರೆ ಸಿಲಿಂಡರಿನ ಕೊಳವೆಗೆ, ಇಳಿಸಬೇಡಿ.

ಹದಿನೈದು ವರ್ಷಗಳ ಹಿಂದೆ ನಾನೂ ಇದನ್ನೇ ಮಾಡಿದ್ದೆ. ಮೈಸೂರಿನಿಂದ ಹೊರಟ ಗಾಡಿ ನಂಜನಗೂಡು ಮುಟ್ಟುವ ಮೊದಲೇ ಪಿಸ್ಟನ್ ಬೋರಿನಲ್ಲಿ ಸಿಕ್ಕಿಕೊಂಡು (ಸೀಜ್ ಆಗಿ) ಹಿಂದಿನ ಚಕ್ರ ಕಚ್ಚಿ ಹಿಡಿಯಿತು. ಕ್ಲಚ್ ಮೇಲೆ ಬೆರಳಿದ್ದುದರಿಂದ ಬೀಳದೆ ಉಳಿದೆ. ಬಿಚ್ಚಿ ನೋಡಿದರೆ ಹೊಗೆ ಹೊರಹೋಗುವ ಎಗ್ಸಾಸ್ಟ್ ಪೋರ್ಟುಗಳ ಕಡೆಯ ಸ್ಕರ್ಟಿನ ಮೇಲೆ ಉದ್ದುದ್ದ ಗೀರುಗಳಿದ್ದವು, ಬೋರಿನ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಸ್ಕರ್ಟಿನ ಮೇಲಿನ ಸಣ್ಣ ಅಡ್ಡಗೆರೆಗಳನ್ನು ನಾನು ಒರಟು ಕೆಲಸವೆಂದು ತಿಳಿದಿದ್ದೆ, ಆದರೆ ಎಣ್ಣೆ ನಿಲ್ಲುವುದೇ ಆ ಗೆರೆಗಳಲ್ಲಿ. ಅದರ ಮೇಲೆ, ಎಮರಿಯ ಕಣಗಳು ಮೆದುವಾದ ಅಲ್ಯೂಮಿನಿಯಂನಲ್ಲಿ ಹೂತುಕೊಂಡರೆ ಸೀಮೆಎಣ್ಣೆಯಲ್ಲಿ ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ, ಬೋರನ್ನು ಅರೆಯುತ್ತಲೇ ಇರುತ್ತವೆ.

ಕ್ರೌನಿನ ಹೊಳಪಿನಿಂದ ತೊಂದರೆಯಿಲ್ಲ, ಆದರೆ ಕೆಲವು ನೂರು ಕಿಲೋಮೀಟರಿನಲ್ಲೇ ಅದು ಮತ್ತೆ ಕಪ್ಪಾಗುತ್ತದೆ. ಆ ಶ್ರಮವನ್ನು ಪಿಸ್ಟನ್ ರಿಂಗ್ ಕೂರುವ ಗ್ರೂವಿಗೆ ಕೊಡಿ. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಕ್ರೌನನ್ನು ಬಿದಿರಿನ ಚಕ್ಕೆಯಿಂದ ಕೆರೆದು, ಗ್ರೂವಿಗೆ ಅದೇ ಅಗಲದ ಹಳೆಯ ರಿಂಗಿನ ಮುರಿದ ತುಂಡನ್ನು ಬಳಸಿ. ಕಾರ್ಬನ್ ಹೋಗಿ ಲೋಹ ಕಂಡೊಡನೆ ಕೈ ನಿಲ್ಲಿಸಬೇಕು, ರಿಂಗ್ ತಿರುಗದಂತೆ ತಡೆಯುವ ಲೊಕೇಟಿಂಗ್ ಪಿನ್ನಿನ ಸುತ್ತ ಇನ್ನೂ ಹಗುರವಾಗಿ ಕೆರೆಯಬೇಕು. ಪೋರ್ಟುಗಳನ್ನು ಬ್ಯಾರೆಲ್ (ಸಿಲಿಂಡರ್) ಕಳಚಿಯೇ ಕೆರೆಯಿರಿ, ಕ್ರ್ಯಾಂಕ್‌ಕೇಸಿನ ಬಾಯಿಗೆ ಬಟ್ಟೆ ತುರುಕಿರಿ. ಕಾಸ್ಟಿಕ್ ಸೋಡಾ ಸೈಲೆನ್ಸರಿನೊಳಗಿನ ಉಕ್ಕಿನ ಬ್ಯಾಫಲ್‌ಗಳಿಗೆ ಮಾತ್ರ. ಪಿಸ್ಟನ್ನನ್ನೋ ಹೆಡ್ಡನ್ನೋ ಅದರಲ್ಲಿ ಮುಳುಗಿಸಿದರೆ ಅಲ್ಯೂಮಿನಿಯಂ ಕರಗುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಕಣ್ಣಿಗೆ ಕನ್ನಡಕವಿರಲಿ.

ಇಷ್ಟು ಬೇಗ ಕಾರ್ಬನ್ ಕಟ್ಟಿದ್ದರೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯನ್ನೂ ಪರಿಶೀಲಿಸಿ. ಡಬ್ಬದ ಮೇಲೆ ಜಪಾನಿನ ಗುಣಮಟ್ಟದ ದರ್ಜೆಯಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದಿಲ್ಲದ ಬಿಡಿ ಎಣ್ಣೆಯನ್ನು ಬಂಕಿನಲ್ಲಿ ಹಾಕಿಸಬೇಡಿ. ನಾನು ಮೋಟುಲ್ 710 ಹಾಕುತ್ತೇನೆ. ದುಬಾರಿಯಾದರೂ ಬ್ಯಾಫಲ್ ಒಣಗಿರುತ್ತದೆ. ಆದರೆ ಕಾರ್ಬನ್ನಿಗೆ ಹೆದರಿ ಎಣ್ಣೆಯ ಪ್ರಮಾಣ ಇಳಿಸುವುದು ಇದಕ್ಕಿಂತ ದೊಡ್ಡ ತಪ್ಪು.

ಉಜ್ಜಿದ ಆ ಪಿಸ್ಟನ್ನಿಗೂ ಬೋರಿಗೂ ನಡುವಿನ ಸಂದು (ಕ್ಲಿಯರೆನ್ಸ್) ಎಷ್ಟಾಗಿದೆಯೆಂದು ಮೈಕ್ರೋಮೀಟರ್ ಹಿಡಿದು ನೋಡಬಹುದು, ಆದರೆ ಹೂತ ಕಣಗಳು ಅಳತೆಗೆ ಸಿಗುವುದಿಲ್ಲ. ಹೊಸ ಪಿಸ್ಟನ್ ತನ್ನಿ, ಅದರ ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್‌ಗಳನ್ನೂ ಹೊಸದಾಗಿಯೇ ಹಾಕಿ.